ಕತ್ತರಿಯ ಜೋಗುಳ

“ಈ ಶನಿವಾರದೊಳಗೆ ನನ್ನ ಮಗಳನ್ನ ಗಡದ್ದಾಗಿ ನಿದ್ದೆ ಮಾಡಿಸದೇ ಹೋದ್ರೆ, ನಾನು ಕತ್ತರಿ ಹಿಡಿದವನೇ ಅಲ್ಲ!”

ಯಜಮಾನರು ಈ ಘೋರ ಪ್ರತಿಜ್ಞೆಯನ್ನು ಮಾಡಿದ್ದು ಪಿಸುದನಿಯಲ್ಲಿ. ಗಟ್ಟಿಯಾಗಿ ಪ್ರತಿಜ್ಞೆ ಮಾಡುವುದಕ್ಕೆ ಆ ಮನೆಯಲ್ಲಿ ಅವಕಾಶವಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ಮಗಳು ಒಳಕೋಣೆಯಲ್ಲಿ ಮಲಗಿದ್ದಳು. ಮಲಗಿದ್ದಳು ಎನ್ನುವುದಕ್ಕಿಂತ ಬಿದ್ದುಕೊಂಡಿದ್ದಳು ಎಂದರೆ ಸರಿ. ಮಂಚ ಆಗಾಗ ಕಿರ್ ಎನ್ನುತ್ತಿತ್ತು. ಆ ಒಂದು ಕಿರ್‌ಗೆ ಅಡುಗೆಮನೆಯಲ್ಲಿ ಇಬ್ಬರ ಎದೆ ಧಸಕ್ಕೆನ್ನುತ್ತಿತ್ತು.

“ಕತ್ತರಿ ಕೆಳಗಿಟ್ಟು ಎರಡು ವರ್ಷ ಆಯ್ತಲ್ರೀ,” ಹೆಂಡತಿಯೂ ಪಿಸುದನಿಯಲ್ಲೇ ಹೇಳಿದಳು. “ಸೋತ್ರೂ ಕಳ್ಕೊಳ್ಳೋಕೆ ಏನೂ ಇಲ್ಲ. ಒಳ್ಳೇ ಪ್ರತಿಜ್ಞೆ!”

ಯಜಮಾನರಿಗೆ ಉತ್ತರ ಹೊಳೆಯಿತು. ಆದರೆ ಅದು ಜೋರಾಗಿ ಹೇಳಿದರೆ ಮಾತ್ರ ಶೋಭಿಸುವ ಉತ್ತರ. ನುಂಗಿಕೊಂಡರು. ಪಿಸುದನಿಯಲ್ಲಿ ಜಗಳವಾಡುವುದೆಂದರೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಊಟಕ್ಕೆ ಕೂತ ಹಾಗೆ. ತೃಪ್ತಿ ಎನ್ನುವುದೇ ಇಲ್ಲ.

ಆ ಬೀದಿಯಲ್ಲಿ ಎಲ್ಲರೂ ಅವರನ್ನು ಯಜಮಾನರು ಎಂದೇ ಕರೆಯುತ್ತಿದ್ದರು. ಆಸ್ತಿಪಾಸ್ತಿಯ ಯಜಮಾನರಲ್ಲ, ಒಂದು ಕಟಿಂಗ್ ಶಾಪಿನ, ಅದರೊಳಗಿನ ಒಂದೇ ಒಂದು ತಿರುಗುವ ಕುರ್ಚಿಯ ಯಜಮಾನರು. ಬೀದಿಗೆ ಬಾಗಿಲು ತೆರೆದ ಮುಂಗೋಣೆ ಅಂಗಡಿ, ಹಿಂದಿನದೆಲ್ಲ ಮನೆ. ನಡುವೆ ಒಂದು ಪರದೆ. ಈಚೆ ಕತ್ತರಿ, ಆಚೆ ಕುಕ್ಕರು. ವರ್ಷಗಟ್ಟಲೆ ಹಾಗೆ ನಡೆದು, ಒಂದು ದಿನ ಯಜಮಾನರ ಸೊಂಟ ಇನ್ನು ನಿಂತು ದುಡಿಯಲಾರೆ ಎಂದು ಕೈಚೆಲ್ಲಿತು. ಅಂಗಡಿಯ ಬಾಗಿಲು ಮುಚ್ಚಿತು. ಕುರ್ಚಿಯ ಮೇಲೆ ಒಂದು ಹಳೆಯ ಹೊದಿಕೆ ಬಿತ್ತು.

ಮಗಳು ದೊಡ್ಡಾಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿಗೆ ಬಿದ್ದಾಗಿನಿಂದ ಅವಳಿಗೆ ಹಗಲು ನಿದ್ದೆ ಹತ್ತುತ್ತಿರಲಿಲ್ಲ. ಹೋದ ವಾರವಂತೂ ರೋಗಿಯ ಪಕ್ಕದಲ್ಲಿ ಕೂತಿದ್ದ ಅವನ ತಮ್ಮನ ಬಾಯಿಗೆ ಥರ್ಮಾಮೀಟರ್ ಇಟ್ಟುಬಿಟ್ಟಿದ್ದಳು. ಅವನೂ ಮರ್ಯಾದಸ್ಥ, ನರ್ಸಮ್ಮ ಕೊಟ್ಟದ್ದನ್ನು ಬೇಡವೆನ್ನಬಾರದೆಂದು ಕಚ್ಚಿಕೊಂಡೇ ಕೂತಿದ್ದನಂತೆ. ಮಗಳು ಇದನ್ನು ನಗುತ್ತಲೇ ಹೇಳಿದಳು, ಆದರೆ ನಗು ಕಣ್ಣಿನವರೆಗೆ ಹೋಗಲಿಲ್ಲ. ಇವತ್ತು ಥರ್ಮಾಮೀಟರ್, ನಾಳೆ ಇಂಜೆಕ್ಷನ್ ಆದರೆ? ಹೆಡ್ ನರ್ಸ್ ಕರೆದು, ನರ್ಸುಗಳ ಹಾಸ್ಟೆಲಿನಲ್ಲಿ ಒಂದು ರೂಮು ಖಾಲಿ ಇದೆ, ಬೇಕಿದ್ದರೆ ಶನಿವಾರದೊಳಗೆ ಹೇಳು ಎಂದಿದ್ದರು.

“ಇಲ್ಲಿ ಬರದ ನಿದ್ದೆ ಅಲ್ಲಾದ್ರೂ ಬರುತ್ತೇನೋ ನೋಡ್ತೀನಮ್ಮ,” ಎಂದಿದ್ದಳು ಮಗಳು.

ತಾಯಿ ಮಡಚಿಟ್ಟಿದ್ದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದಳು. ಯಜಮಾನರಿಗೆ ಮಾತ್ರ ಅದು ತಮ್ಮ ಮೇಲೆ ಬಿದ್ದ ತೀರ್ಪಿನಂತೆ ಕೇಳಿಸಿತು. ಸ್ವಂತ ಮನೆಯಲ್ಲಿ ಮಗಳಿಗೆ ನಿದ್ದೆ ಕೊಡಲಾಗದವನು ಎಂಥ ಅಪ್ಪ!

ಹಾಗಂತ ಅವರು ಕೈಕಟ್ಟಿ ಕೂತಿರಲಿಲ್ಲ. ಮನೆಯಲ್ಲಿ ಮೌನದ ತುರ್ತುಪರಿಸ್ಥಿತಿಯನ್ನು ಜಾರಿಗೆ ತಂದವರೇ ಅವರು. ಗೋಡೆ ಗಡಿಯಾರದ ಲೋಲಕವನ್ನು ನಿಲ್ಲಿಸಿದರು. ಕಾಲಿಂಗ್ ಬೆಲ್ಲಿನ ತಂತಿ ಕಿತ್ತರು. ಬಾಗಿಲ ಕೀಲುಗಳಿಗೆಲ್ಲ ಎಣ್ಣೆ ಬಿತ್ತು. ಸ್ಟೀಲ್ ತಟ್ಟೆ ಮೇಲಟ್ಟಕ್ಕೆ ಹೋಗಿ ಪ್ಲಾಸ್ಟಿಕ್ ತಟ್ಟೆ ಇಳಿಯಿತು. ಕುಕ್ಕರಿಗೆ ಹಗಲು ಹೊತ್ತು ನಿಷೇಧ. ಸೀನು ಬಂದರೆ ಹಿತ್ತಲಿಗೆ ಹೋಗಿ ಸೀನಬೇಕು. ಗಂಡಹೆಂಡಿರ ಮಾತುಕತೆ ಕೈಸನ್ನೆಯಲ್ಲಿ ನಡೆಯುತ್ತಿತ್ತು. ಊಟದ ನಡುವೆ ಉಪ್ಪು ಕೇಳಿದರೆ ಸೋಪು ಬಂದದ್ದೂ ಉಂಟು.

ಸಂಜೆ ಮಗಳು ಡ್ಯೂಟಿಗೆ ಹೊರಟು ಗೇಟು ಮುಚ್ಚಿದ ಮರುಕ್ಷಣ ಮನೆಗೆ ಬಾಯಿ ಬರುತ್ತಿತ್ತು. ಹಗಲಿಡೀ ಕೂಡಿಟ್ಟ ಮಾತನ್ನು ಹೆಂಡತಿ ಬಡ್ಡಿ ಸಮೇತ ಹೊರಗೆ ತೆಗೆಯುತ್ತಿದ್ದಳು. ಕುಕ್ಕರು ಕೂಗುತ್ತಿತ್ತು, ಪಾತ್ರೆಗಳು ಮೊಳಗುತ್ತಿದ್ದವು. ಇದ್ಯಾವುದೂ ಮಗಳ ಕಿವಿಗೆ ಬೀಳುತ್ತಿರಲಿಲ್ಲ. ಹಾಗೆ ಬೀಳದಂತೆ ನೋಡಿಕೊಂಡಿದ್ದೇ ತಮ್ಮ ಆಡಳಿತದ ದೊಡ್ಡ ಸಾಧನೆ ಎಂದು ಯಜಮಾನರು ಬಗೆದಿದ್ದರು. ಇಷ್ಟು ಮಾಡಿದರೂ ಮಂಚದ ಕಿರ್ ನಿಲ್ಲಲಿಲ್ಲ.

ಪ್ರತಿಜ್ಞೆಯ ಹಿಂದಿನ ದಿನ ಯಜಮಾನರು ಕೋಣೆಯ ಬಾಗಿಲಲ್ಲಿ ಇಣುಕಿದಾಗ, ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲ್ ನೋಡುತ್ತಿದ್ದಳು. ಪರದೆಯ ಮೇಲೆ ಯಾರೋ ಹುಡುಗಿ, ಬಣ್ಣ ಹಚ್ಚಿದ ಉಗುರುಗಳಿಂದ ಒಂದು ಮರದ ಡಬ್ಬಿಯನ್ನು ಮೆಲ್ಲಗೆ ಬಡಿಯುತ್ತಿದ್ದಳು.

“ಅದರೊಳಗೇನಿದೆ?”

“ಏನೂ ಇಲ್ಲಪ್ಪ.”

“ಮತ್ಯಾಕೆ ಬಡೀತಾಳೆ? ಒಳಗಿಂದ ಯಾರಾದ್ರೂ ಬಾಗಿಲು ತೆಗೀತಾರೇನು?”

ಮಗಳು ಒಂದು ಇಯರ್‌ಫೋನ್ ತೆಗೆದು ಅವರ ಕಿವಿಗಿಟ್ಟಳು. “ಇದಕ್ಕೆ ಎಎಸ್ಎಂಆರ್ ಅಂತಾರೆ. ಇಂಥ ಸಣ್ಣ ಸದ್ದು ಕೇಳ್ತಾ ಇದ್ರೆ ನೆತ್ತಿಯಿಂದ ಬೆನ್ನಿನವರೆಗೆ ಜುಮ್ ಅನ್ನುತ್ತೆ. ಮೈ ಸಡಿಲ ಆಗಿ ನಿದ್ದೆ ಬರುತ್ತೆ. ಲಕ್ಷಾಂತರ ಜನ ಇದನ್ನ ಹಾಕ್ಕೊಂಡೇ ಮಲಗ್ತಾರೆ.”

“ಅಕ್ಷರ ನೋಡಿದ್ರೆ ದೊಡ್ಡ ಡಾಕ್ಟರ ಹೆಸರಿನ ಮುಂದಿರೋ ಡಿಗ್ರಿ ಥರ ಇದೆ. ನಿನಗೆ ಬಂತಾ ನಿದ್ದೆ?”

“ಇಲ್ಲ. ಸೂರು ನೋಡ್ಕೊಂಡು ಬಿದ್ದಿರೋದಕ್ಕಿಂತ ವಾಸಿ ಅಷ್ಟೇ.”

ಮುಂದಿನ ವಿಡಿಯೋ ತಾನಾಗಿ ಶುರುವಾಯಿತು. ಬಿಳಿ ಏಪ್ರನ್ ತೊಟ್ಟ ಒಬ್ಬ ಆಸಾಮಿ, ಕೈಯಲ್ಲಿ ಕತ್ತರಿ. ಯಜಮಾನರ ಮೈಯಲ್ಲಿ ಮಿಂಚು ಹರಿಯಿತು. ಆದರೆ ನೋಡುತ್ತಾರೆ, ಗಿರಾಕಿಯೇ ಇಲ್ಲ! ಆಸಾಮಿ ಕ್ಯಾಮೆರಾದ ಎಡಕ್ಕೂ ಬಲಕ್ಕೂ ಬರೀ ಗಾಳಿಯನ್ನು ಕತ್ತರಿಸುತ್ತಿದ್ದ.

“ಇದೇನೇ ಇದು! ತಲೆ ಇಲ್ಲದ ಕಟಿಂಗು?”

“ನೋಡೋರಿಗೆ ತಮ್ಮ ತಲೆಗೇ ಕಟಿಂಗ್ ಆಗ್ತಿದೆ ಅನ್ನಿಸ್ಲಿ ಅಂತ. ಇದು ಬೇಡ ಬಿಡಪ್ಪ,” ಎಂದು ಮಗಳು ಸರಕ್ಕನೆ ಅದನ್ನು ಮೇಲಕ್ಕೆ ತಳ್ಳಿದಳು.

ಆ ಸರಕ್ಕನೆ ತಳ್ಳಿದ್ದನ್ನು ಯಜಮಾನರು ಗಮನಿಸಿದರು. ಅದರ ಅರ್ಥವೂ ಅವರಿಗೆ ಹೊಳೆಯಿತು. ಅಪ್ಪನ ಕತ್ತರಿ ಕೇಳಿ ಬೆಳೆದ ಕಿವಿ ಅದು; ಕಳ್ಳ ಕತ್ತರಿಯನ್ನು ಹೇಗೆ ಸಹಿಸೀತು?

ಅವತ್ತು ಮಧ್ಯಾಹ್ನ ಅವರು ಮುಂಗೋಣೆಗೆ ಹೋಗಿ ಕುರ್ಚಿಯ ಹೊದಿಕೆ ಸರಿಸಿದರು. ಕೈ ಇಡುವ ಜಾಗದಲ್ಲಿ ರೆಕ್ಸಿನ್ ಸವೆದು ಒಳಗಿನ ಬಟ್ಟೆ ಕಾಣುತ್ತಿತ್ತು. ಎಷ್ಟು ಕೈಗಳು ಅಲ್ಲಿ ಬಿಗಿಯಾಗಿ ಕೂತು, ನಿಧಾನವಾಗಿ ಸಡಿಲಗೊಂಡಿದ್ದವು! ಆ ಕಾಲದಲ್ಲಿ ಜನ ಕೂದಲು ಬೆಳೆದಿದೆ ಎಂದು ಬರುತ್ತಿರಲಿಲ್ಲ. ನಿದ್ದೆ ಬಾಕಿಯಿದೆ ಎಂದು ಬರುತ್ತಿದ್ದರು. ಕೋರ್ಟಿನ ಅಮೀನರು ಬಿಳಿ ಬಟ್ಟೆ ಹೊದಿಸುವುದರೊಳಗೆ ಗೊರಕೆ ಶುರುಮಾಡುತ್ತಿದ್ದರು. ಗಣಿತದ ಮೇಷ್ಟರಿಗೆ ಬಾಚಣಿಗೆ ಸಾಕಿತ್ತು. ಕತ್ತರಿಯನ್ನು ಕಿವಿಯ ಹತ್ತಿರ ಗಾಳಿಯಲ್ಲಿ ಎರಡು ಸಲ ಆಡಿಸಿ ಮೂರನೆಯದಕ್ಕೆ ಕೂದಲಿಗೆ ಇಳಿಸಿದರೆ ಎಂಥ ಜಗಳಗಂಟನ ತಲೆಯೂ ಹೂವಿನ ಹಾಗೆ ಬಾಗುತ್ತಿತ್ತು. ನೀರಿನ ಬಾಟಲಿಯ ಫುಸ್, ಚರ್ಮದ ಪಟ್ಟಿಯ ಮೇಲೆ ಕತ್ತಿ ಮಸೆಯುವ ಸರ್ ಸರ್, ಕುತ್ತಿಗೆಗೆ ಪೌಡರ್ ಬ್ರಶ್ಶು. ಲೋಕ ಈಗ ಅದಕ್ಕೆ ನಾಲ್ಕಕ್ಷರದ ಹೆಸರಿಟ್ಟಿದೆ, ಅಷ್ಟೇ!

ಎದುರಿನ ಗೋಡೆಗೆ ಒರಗಿಸಿದ ಬೆಂಚು ಇನ್ನೂ ಅಲ್ಲೇ ಇತ್ತು. ಶಾಲೆ ಬಿಟ್ಟು ಬಂದ ಮಗಳು ಚೀಲವನ್ನು ತಲೆದಿಂಬು ಮಾಡಿಕೊಂಡು ಅದರ ಮೇಲೆ ಮಲಗಿಬಿಡುತ್ತಿದ್ದಳು. ಗಿರಾಕಿಗಳು ಬೆಂಚು ಬಿಟ್ಟುಕೊಟ್ಟು ನಿಂತೇ ಕಾಯುತ್ತಿದ್ದರು. ಎಂಥ ನಿದ್ದೆ ಅದು! ಬಾಯಿ ತೆರೆದು, ಒಂದು ಕಾಲಿನ ಬೂಟು ಹಾಗೇ ಇಟ್ಟುಕೊಂಡು. ಅದಕ್ಕೂ ತಮ್ಮ ಕತ್ತರಿಯೇ ಕಾರಣ ಎನ್ನುವುದರಲ್ಲಿ ಯಜಮಾನರಿಗೆ ಸಂಶಯವಿರಲಿಲ್ಲ. ತಿಂಗಳಿಗೊಮ್ಮೆ ಅವಳ ಕೂದಲು ಕತ್ತರಿಸುವ ದಿನ ಮಾತ್ರ ಹುಡುಗಿ ಮಂಚದ ಕೆಳಗೆ ಅಡಗಿಕೊಂಡು ಆಟವಾಡಿಸುತ್ತಿದ್ದಳು. ಕಾಲು ಹಿಡಿದು ಎಳೆಯಬೇಕಿತ್ತು. ನೆನೆದು ಯಜಮಾನರಿಗೆ ನಗು ಬಂತು. ತುಂಟಿ!

ಕಳ್ಳ ಕತ್ತರಿಗೆ ಲಕ್ಷಾಂತರ ಜನ ಮಲಗುವುದಾದರೆ, ನಿಜವಾದ ಕತ್ತರಿಗೆ ಒಬ್ಬ ಮಗಳು ಮಲಗುವುದಿಲ್ಲವೆ? ಪ್ರತಿಜ್ಞೆ ಹುಟ್ಟಿದ್ದು ಹೀಗೆ.

ನಿಜವಾದ ಕತ್ತರಿಗೆ ನಿಜವಾದ ತಲೆ ಬೇಕು. ಯಜಮಾನರಿಗೆ ಸಿಕ್ಕಿದ್ದು ಭಾವಮೈದುನನ ತಲೆ. ಹೆಂಡತಿಯ ಈ ತಮ್ಮ ತಲೆಗೆಣ್ಣೆ ಕಂಪನಿಯೊಂದರ ಸೇಲ್ಸ್‌ಮನ್. ಮನೆಯಲ್ಲಿ ಎಲ್ಲರಿಗೂ ಎಣ್ಣೆ ಮಾಮ. ಅವನ ಕೂದಲು ದಟ್ಟವಾಗಿ, ಕಪ್ಪಗೆ, ಹಣೆಯ ಮೇಲೊಂದು ಅಲೆ ಎದ್ದು ನಿಂತ ಹಾಗಿತ್ತು. ಅಂಗಡಿಗೆ ಹೋದರೆ ಅವನು ಮಾತಾಡುತ್ತಲೇ ಇರಲಿಲ್ಲ. ತಲೆಯನ್ನು ಒಮ್ಮೆ ಬೆಳಕಿಗೆ ತಿರುಗಿಸಿದರೆ ಆರ್ಡರ್ ಬರುತ್ತಿತ್ತು. ಗುರುವಾರ ಸಂಜೆ ಟೀ ಕುಡಿಯಲು ಬಂದವನನ್ನು ಯಜಮಾನರು ಕುರ್ಚಿಗೆ ಒತ್ತಿ ಕೂರಿಸಿದರು.

“ಭಾವ, ತುದಿ ಮಾತ್ರ. ಒಂದೆಳೆ ಜಾಸ್ತಿ ಹೋದ್ರೂ ನನ್ನ ಹೊಟ್ಟೆ ಮೇಲೆ ಹೊಡೆದ ಹಾಗೆ. ನಾಳೆ ಡೀಲರ್‌ಗಳ ಮೀಟಿಂಗ್ ಇದೆ.”

“ತುದಿ ಮಾತ್ರ ಕಣೋ. ನಿನ್ನ ಸೋದರಸೊಸೆ ನಿದ್ದೆಗೋಸ್ಕರ ಒಂದು ತುದಿ ಕೊಡೋಕಾಗಲ್ವಾ?”

“ಗಾಳೀಲಿ ಕತ್ತರಿ ಆಡಿಸಿದ್ರೂ ಸದ್ದು ಬರುತ್ತಲ್ಲ ಭಾವ?”

“ಗಾಳಿ ಕತ್ತರಿಸೋದೂ ಒಂದೇ, ಬೊಚ್ಚುಬಾಯಲ್ಲಿ ಚಕ್ಕುಲಿ ಕಡಿದಂತೆ ನಟಿಸೋದೂ ಒಂದೇ. ಕೂದಲಿಗೆ ಕಚ್ಚಿದ ಕತ್ತರಿ ಸದ್ದೇ ಬೇರೆ. ನನ್ನ ಕೈಯಲ್ಲಿ ಮೋಸದ ಸದ್ದು ಬರಲ್ಲ!”

ಯಜಮಾನರು ಫ್ಯಾನು ಆರಿಸಿದರು. ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಅದರ ಪ್ಲಗ್ ಕಿತ್ತರು. ಮಗಳ ಹಳೆಯ ಮೊಬೈಲನ್ನು ಪೌಡರ್ ಡಬ್ಬಿಗೆ ಒರಗಿಸಿ ಕೆಂಪು ಗುಂಡಿ ಒತ್ತಿದರು. ಆಮೇಲೆ ಬಿಳಿ ಬಟ್ಟೆ ಹೊದಿಸಿ, ಬಾಚಣಿಗೆ ಎತ್ತಿಕೊಂಡು, ಜೇನಿನಲ್ಲಿ ಅದ್ದಿದ ಪಿಸುದನಿಯಲ್ಲಿ ಆರಂಭಿಸಿದರು.

“ನಮಸ್ಕಾರ... ಕಣ್ಣು ಮುಚ್ಚಿಕೊಳ್ಳಿ... ಈಗ ನಾನು ಮೆಲ್ಲಗೆ ನಿಮ್ಮ ತಲೆ ಬಾಚುತ್ತೇನೆ...”

“ರೀ!” ಪರದೆಯ ಆಚೆಯಿಂದ ಗುಡುಗು. “ಯಾರ ಹತ್ರ ಹಾಗೆ ಗುಸುಗುಸು ಮಾತಾಡ್ತಿದೀರಿ? ಮಗಳು ಡ್ಯೂಟಿಗೆ ಹೋದ್ಲು, ಬಾಯಿಬಿಟ್ಟು ಮಾತಾಡಿ!”

“ರೆಕಾರ್ಡಿಂಗ್ ನಡೀತಿದೆ ಕಣೇ!”

“ನಡೀಲಿ, ನಾನೇನು ಅದರ ಕಾಲು ಹಿಡ್ಕೊಂಡಿದೀನಾ?”

ಯಜಮಾನರು ಮೊಬೈಲನ್ನು ಕವುಚಿಟ್ಟರು. ನಿದ್ದೆಯೆಂಬುದು ಒಂದೇ ಎಳೆಯ ನೂಲು, ಅದಕ್ಕೆ ಗಂಟು ಹಾಕಬಾರದು ಎಂಬುದು ಅವರ ಸಿದ್ಧಾಂತ. ಆದ್ದರಿಂದ ಮೊದಲಿನಿಂದ ಶುರು. ನಮಸ್ಕಾರ, ಬಾಚಣಿಗೆ, ನೀರಿನ ಫುಸ್, ಹಿಂಬದಿಯ ತುದಿಗೆ ಕತ್ತರಿ. ನಾಲ್ಕು ಸಲ ಕಚಕ್ ಎನ್ನುವಷ್ಟರಲ್ಲಿ ಕುಕ್ಕರು ಕೂಗಿತು.

“ಅದನ್ನ ಆರಿಸೇ!”

“ನಿಮ್ಮ ಹೊಟ್ಟೆ ಆರಿಸ್ಕೊಳ್ತೀರಾ?” ಈಗ ಪರದೆಯೇ ಅಲ್ಲಾಡಿತು. “ಬೆಳಗಿಂದ ಮೂಗಿ ಥರ ಇರ್ತೀನಿ. ಚಮಚ ಬಿದ್ರೆ ಚಮಚಕ್ಕಿಂತ ಮೊದಲು ನಾನು ನೆಲಕ್ಕೆ ಬೀಳ್ತೀನಿ, ಸದ್ದಾಗಬಾರದು ಅಂತ. ಈಗಲೂ ಬಾಯಿ ಮುಚ್ಚಬೇಕಾ? ಮದುವೆಯಾದಾಗಿನಿಂದ ನೋಡ್ತಾ ಇದೀನಿ, ಏನು ಹಿಡಿದ್ರೂ ಅತಿ! ಒಮ್ಮೆ ಗಿಣಿಗೆ ಮಾತು ಕಲಿಸ್ತೀನಿ ಅಂತ ಹೊರಟ್ರಿ, ಅದು ಇದ್ದ ಮಾತೂ ಮರೀತು...”

“ಗಿಣಿ ವಿಷಯ ಯಾಕೀಗ?”

“ಯಾಕೆ ಬೇಡ? ಪಾಪದ ಗಿಣಿ!”

ಗಿಣಿಯ ಪ್ರಕರಣ ಮುಗಿದು, ಅದರ ಹಿಂದಿನ ನೀರಿನ ಪಂಪಿನ ಪ್ರಕರಣ ಬಂದು, ಅಲ್ಲಿಂದ ಮದುವೆಯ ದಿನ ಯಜಮಾನರು ತಡವಾಗಿ ಬಂದ ಪ್ರಕರಣದವರೆಗೆ ಇತಿಹಾಸ ಹಿಂದಕ್ಕೆ ಸರಿಯಿತು. ಮೊಬೈಲು ಆಗಲೇ ಮತ್ತೆ ಕವುಚಿಕೊಂಡಿತ್ತು. ಮತ್ತೆ ಎತ್ತಿ ನಿಲ್ಲಿಸಿ ಮೊದಲಿನಿಂದ ಶುರು. ಈ ಸಲ ಬೀದಿಯಲ್ಲಿ ಹಳೇ ಪೇಪರಿನವನು ಕೂಗಿದ. ಮತ್ತೆ ಶುರು. ಎಣ್ಣೆ ಮಾಮನೇ, “ಭಾವ, ಎಡಗಡೆ ಸ್ವಲ್ಪ ಜಾಸ್ತಿ ಹೋಯ್ತಾ?” ಎಂದ. ಮತ್ತೆ ಶುರು. ಎಡಗಡೆ ನಿಜಕ್ಕೂ ಜಾಸ್ತಿ ಹೋಗಿತ್ತು, ಸರಿದೂಗಿಸಲು ಬಲಗಡೆ. ಬಲಗಡೆ ಒಂದು ಕೂದಲೆಳೆ ಹೆಚ್ಚಾಯಿತು, ಮತ್ತೆ ಎಡಗಡೆ. ತಕ್ಕಡಿ ಹಿಡಿದ ಮಂಗನ ನ್ಯಾಯ ಎಲ್ಲಿ ಮುಗಿಯುತ್ತದೆಂದು ಯಾರಿಗೆ ಗೊತ್ತಿಲ್ಲ!

ಆದರೆ ಒಂದು ಮಾತು ಒಪ್ಪಬೇಕು. ಯಜಮಾನರ ಕೈ ಮರೆತಿರಲಿಲ್ಲ. ಐದನೆಯದೋ ಆರನೆಯದೋ ನಮಸ್ಕಾರದ ಹೊತ್ತಿಗೆ ಎಣ್ಣೆ ಮಾಮನ ತಲೆ ಎದೆಯ ಮೇಲೆ ಬಾಗಿತು. ಕುರ್ಚಿಯ ಕೈಯನ್ನು ಹಿಡಿದಿದ್ದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಎಷ್ಟು ಕಾಲವಾಗಿತ್ತು, ಈ ಕುರ್ಚಿಯಲ್ಲಿ ಒಬ್ಬ ಮನುಷ್ಯ ತಮ್ಮನ್ನು ನಂಬಿ ನಿದ್ದೆಹೋಗಿ! ಹೆಂಡತಿ ಒಣಗಿದ ಬಟ್ಟೆ ತರಲು ಮಹಡಿಗೆ ಹೋದಳು. ಮನೆ ನಿಶ್ಶಬ್ದವಾಯಿತು. ಇದೇ ಗಳಿಗೆ!

ಯಜಮಾನರು ಕತ್ತರಿ ಎತ್ತಿದರು. ಸದ್ದು ಇನ್ನಷ್ಟು ಚೆನ್ನಾಗಿ ಕೇಳಲೆಂದು, ವೃತ್ತಿಜೀವನದಲ್ಲಿ ಒಮ್ಮೆಯೂ ಮಾಡದ ಕೆಲಸ ಮಾಡಿದರು. ಕಣ್ಣು ಮುಚ್ಚಿಕೊಂಡರು.

ಕಚಕ್, ಕಚಕ್. ಅಮೀನರು ಬಂದು ಕೂತರು. ಗಣಿತದ ಮೇಷ್ಟರು ಬಂದರು. ಬೆಂಚಿನ ಮೇಲೆ ಒಂದು ಬೂಟಿನ ಹುಡುಗಿ ಮಗ್ಗುಲು ಬದಲಿಸಿದಳು. ರೇಡಿಯೋದಲ್ಲಿ ಯಾರೋ ಹವಾಮಾನ ಹೇಳುತ್ತಿದ್ದರು. ಕಚಕ್, ಕಚಕ್. ಯಜಮಾನರ ಸೊಂಟದ ನೋವು ಕೂಡ ಎಲ್ಲೋ ಹೊರಗೆ ಹೋಗಿ ನಿಂತಿತು.

“ಅಯ್ಯಯ್ಯೋ! ರೀ! ಅವನ ತಲೆ ಎಲ್ಲಿ?”

ಕಣ್ಣು ಬಿಟ್ಟರೆ ಹೆಂಡತಿ ಬಟ್ಟೆಯ ರಾಶಿಯೊಂದಿಗೆ ನಿಂತಿದ್ದಳು. ತಲೆ ಇದ್ದಲ್ಲೇ ಇತ್ತು. ಅದರ ಮೇಲಿದ್ದದ್ದು ಮಾತ್ರ ನೆಲದ ಮೇಲಿತ್ತು. ಅಲೆ ಎದ್ದಿದ್ದ ಜಾಗ ಬೆಳೆ ಕೊಯ್ದ ಹೊಲದಂತೆ ಕಾಣುತ್ತಿತ್ತು. ಅಲ್ಲಲ್ಲಿ ಕೊಯ್ಯಲು ಮರೆತ ತೆನೆಗಳೂ ಇದ್ದವು.

ಎಣ್ಣೆ ಮಾಮ ಕಣ್ಣುಜ್ಜಿಕೊಂಡು ಕನ್ನಡಿ ನೋಡಿದ. ಹಿಂದಕ್ಕೆ ತಿರುಗಿ ನೋಡಿದ. ಮತ್ತೆ ಕನ್ನಡಿ ನೋಡಿದ.

“ಭಾವ,” ಎಂದ ಮೆಲ್ಲಗೆ, “ಇವರು ಯಾರು?”

ಮುಂದಿನದನ್ನು ವಿವರಿಸಿದರೆ ಮಾನವಂತರು ಓದಲಾರರು. ಕೊನೆಗೆ ತೆನೆಗಳನ್ನೂ ತೆಗೆದು ಸಮ ಮಾಡುವುದೊಂದೇ ದಾರಿ ಎಂದು ತೀರ್ಮಾನವಾಯಿತು. ಅಕ್ಕ ತಮ್ಮನ ಬೋಳುತಲೆ ಸವರುತ್ತಾ ಗಂಡನನ್ನು ಬೈದಳು. ತಮ್ಮ ಅಳುತ್ತಾ ಬೈದ. ಯಜಮಾನರು ಗುಡಿಸುತ್ತಾ ಬೈಸಿಕೊಂಡರು. ಈ ಗಲಾಟೆಯಲ್ಲಿ ಫ್ರಿಜ್ಜಿನ ಪ್ಲಗ್ ಹಾಕುವುದು ಎಲ್ಲರಿಗೂ ಮರೆತುಹೋಯಿತು.

ಶುಕ್ರವಾರ ಬೆಳಿಗ್ಗೆ ಮಗಳು ಬಂದಳು. ಚಪ್ಪಲಿ ಕಳಚುವಾಗ ಗೋಡೆ ಹಿಡಿದುಕೊಂಡಳು. ನಾಳೆ ಹಾಸ್ಟೆಲಿಗೆ ಉತ್ತರ ಹೇಳುವ ದಿನ. ಯಜಮಾನರು ರಾತ್ರಿ ಚಾರ್ಜ್ ಮಾಡಿಟ್ಟಿದ್ದ ಹಳೆಯ ಮೊಬೈಲನ್ನೂ ಇಯರ್‌ಫೋನನ್ನೂ ಪ್ರಶಸ್ತಿಪತ್ರದಂತೆ ಎರಡೂ ಕೈಯಲ್ಲಿ ಹಿಡಿದು ನೀಡಿದರು.

“ಇವತ್ತು ಆ ಡಬ್ಬಿ ಬಡಿಯೋಳು ಬೇಡ. ಇದನ್ನ ಕೇಳು. ನಿಮ್ಮಪ್ಪನ ಕೈಯಿಂದ ಆಗಿದ್ದು.”

ಬಾಗಿಲು ಮುಚ್ಚಿತು. ಯಜಮಾನರು ಹೊರಗೆ ಕಿವಿಯೊಡ್ಡಿ ನಿಂತರು. ಕಿರ್ ಎಂದಿತು ಮಂಚ. ಮತ್ತೊಮ್ಮೆ ಕಿರ್. ಆಮೇಲೆ ಏನೂ ಇಲ್ಲ. ಅವರು ಉಸಿರು ಬಿಗಿಹಿಡಿದರು. ಒಳಗಿನಿಂದ ಗೊರ್ ಎಂದು ಸಣ್ಣದೊಂದು ಗೊರಕೆ ಕೇಳಿಸಿತು. ಬೆಂಚಿನ ಮೇಲಿನ ಹಳೆಯ ಗೊರಕೆ, ಅದೇ!

ಯಜಮಾನರು ತುದಿಗಾಲಲ್ಲಿ ಅಡುಗೆಮನೆಗೆ ಓಡಿದರು. ಅಲ್ಲಿ ಫ್ರಿಜ್ಜು ರಾತ್ರಿಯಿಡೀ ಕರಗಿ ಕೆರೆಯಾಗಿತ್ತು. ಹೆಂಡತಿ ಸೀರೆ ಎತ್ತಿ ಕಟ್ಟಿ ನೆಲ ಒರೆಸುತ್ತಿದ್ದಳು.

“ಗೆದ್ದೆ ಕಣೇ!” ಪಿಸುಗುಟ್ಟಿದರು.

“ಕಾಲು ತೆಗೀರಿ,” ಪಿಸುಗುಟ್ಟಿದಳು ಹೆಂಡತಿ. “ಹಾಲು ಹಾಳು, ಬೆಣ್ಣೆ ಹಾಳು. ಇದನ್ನ ಪಿಸುದನೀಲಿ ಬೈಯೋಕೆ ನನ್ನ ಕೈಲಾಗಲ್ಲ. ಸಂಜೆಗೆ ಇಟ್ಟಿರ್ತೀನಿ.”

ಅವತ್ತು ಯಜಮಾನರು ನೆಲದ ಮೇಲೆ ನಡೆಯಲಿಲ್ಲ. ಲೋಕಕ್ಕೆಲ್ಲ ನಿದ್ದೆ ಹಂಚುವ ಚಾನೆಲ್ಲು ಅವರ ಕಣ್ಮುಂದೆ ತೆರೆದುಕೊಂಡಿತು. ಯಾವ್ಯಾವುದೋ ದೇಶಗಳ ನಿದ್ದೆಗೇಡಿ ದೊರೆಗಳು ಅವರ ಕತ್ತರಿ ಕೇಳಿ ಸಿಂಹಾಸನದ ಮೇಲೇ ತೂಕಡಿಸಿದರು. ಯುದ್ಧಗಳು ಮುಂದಕ್ಕೆ ಹೋದವು. ಮಧ್ಯಾಹ್ನ ಎಣ್ಣೆ ಮಾಮ ಟೋಪಿ ಹಾಕಿಕೊಂಡು ಬಂದಾಗಲೂ ಅವರು ಇಳಿದಿರಲಿಲ್ಲ.

“ಮೀಟಿಂಗ್ ಏನಾಯ್ತೋ?” ಅಕ್ಕ ಸನ್ನೆಯಲ್ಲಿ ಕೇಳಿದಳು.

“ಎಲ್ಲ ಡೀಲರ್‌ಗಳೂ ತಲೆ ನೋಡಿ ಹೌಹಾರಿದ್ರು,” ಎಂದ ಅವನು ತಗ್ಗಿದ ದನಿಯಲ್ಲಿ. “‘ಒಂದೇ ಒಂದು ವಾರ ನಮ್ಮ ಎಣ್ಣೆ ಹಚ್ಚೋದು ಬಿಟ್ಟೆ, ನೋಡಿ’ ಅಂದೆ. ಆರ್ಡರ್ ದುಪ್ಪಟ್ಟಾಯ್ತು. ಆದ್ರೂ ಭಾವನ್ನ ನಾನು ಕ್ಷಮಿಸಿಲ್ಲ.”

ಹೊತ್ತು ಇಳಿಯುವಾಗ ಮಗಳು ಎದ್ದು ಮುಂಗೋಣೆಗೆ ಬಂದಳು. ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು, ಕೂದಲು ಕೆದರಿತ್ತು, ಕಣ್ಣು ಮಾತ್ರ ತೊಳೆದಿಟ್ಟ ಹಾಗಿತ್ತು. ಟೋಪಿ ತೆಗೆದು ಕೂತಿದ್ದ ಮಾಮನ ತಲೆ ನೋಡಿ ಒಂದು ಕ್ಷಣ ನಿಂತಳು. ಎಚ್ಚರವಾಗಿದೆಯೋ ಇಲ್ಲವೋ ಎಂಬ ಅನುಮಾನ ಬಂದಿರಬೇಕು. ಯಜಮಾನರು ಗಂಟಲು ಸರಿಮಾಡಿಕೊಂಡರು.

“ಹೇಳಮ್ಮ. ಯಾವ ಜಾಗದಲ್ಲಿ ನಿದ್ದೆ ಹತ್ತಿತು? ಹಿಂಬದಿ ಕಟಿಂಗಲ್ಲೋ, ಕಿವಿ ಹತ್ರ ಬಂದಾಗಲೋ?”

“ಒಂದ್ನಿಮಿಷ, ಹಾಕ್ತೀನಿ,” ಎಂದು ಮಗಳು ಮೊಬೈಲಿನ ಸದ್ದು ಜೋರು ಮಾಡಿದಳು. ಜೇನಿನ ಪಿಸುದನಿಯಲ್ಲಿ ನಮಸ್ಕಾರ ಬಂತು. ಅದರ ಬೆನ್ನಿಗೇ, “ರೀ! ಯಾರ ಹತ್ರ ಹಾಗೆ ಗುಸುಗುಸು...”

ಯಜಮಾನರ ಮುಖ ಬಿಳಿಚಿತು. “ಅಯ್ಯೋ, ಇದೂ ಬಂದಿದೆಯಾ! ನಾನು ಫೋನು ಕವುಚಿಟ್ಟಿದ್ದೆನಲ್ಲ!”

“ಕವುಚಿಟ್ರೆ ನಿಲ್ಲೋಕೆ ಇದೇನು ಹಳೇ ಕಾಲದ ರಿಸೀವರ್ರಾ ಅಪ್ಪ? ಕೆಂಪು ಗುಂಡಿ ಮತ್ತೆ ಒತ್ತಬೇಕು. ಕುಕ್ಕರು, ಗಿಣಿ, ಪಂಪು, ಹಳೇ ಪೇಪರಿನವನು, ಮಾಮ ಅತ್ತಿದ್ದು... ಎಲ್ಲ ಇದೆ. ಬ್ಯಾಟರಿ ಮುಗಿಯೋವರೆಗೂ ಇದೆ.”

“ಹಾಗಾದ್ರೆ ನಿನಗೆ ನಿದ್ದೆ ಬಂದಿದ್ದು...”

“ಅಮ್ಮ ‘ಮದುವೆಯಾದಾಗಿನಿಂದ ನೋಡ್ತಾ ಇದೀನಿ’ ಅಂದ್ಲಲ್ಲ, ಅಲ್ಲಿಗೆ ಕಣ್ಣು ಎಳೀತು. ಗಿಣಿ ಬರೋ ಹೊತ್ತಿಗೆ ನಾನಿರಲಿಲ್ಲ.”

ಮಗಳು ಮುಂಗೋಣೆಯ ಬೆಂಚಿನ ಮೇಲೆ ಕೂತು ಕಾಲು ಮೇಲೆಳೆದುಕೊಂಡಳು.

“ನಾನು ಶಾಲೆಯಿಂದ ಬಂದು ಇಲ್ಲೇ ಮಲಗ್ತಿದ್ದೆನಲ್ಲಪ್ಪ. ಪರದೆ ಆಚೆ ಅಮ್ಮ ಬೈತಿರ್ತಿದ್ಲು, ಕುಕ್ಕರ್ ಕೂಗ್ತಿತ್ತು, ನೀನು ಯಾರಿಗೋ ಹಳೇ ಕತೆ ಕೊರೀತಿರ್ತಿದ್ದೆ. ಕಣ್ಣು ಮುಚ್ಚಿದ್ರೂ ಎಲ್ಲರೂ ಇದಾರೆ ಅಂತ ಗೊತ್ತಾಗ್ತಿತ್ತು. ಈಗ ಹಗಲು ಈ ಮನೆ ಹೇಗಿರುತ್ತೆ ಗೊತ್ತಾ? ನಮ್ಮ ಐಸಿಯುನಲ್ಲೂ ಇದಕ್ಕಿಂತ ಜಾಸ್ತಿ ಗದ್ದಲ ಇರುತ್ತೆ. ಒಂದು ಪಾತ್ರೆನಾದ್ರೂ ಬೀಳುತ್ತಾ ಅಂತ ಕಾಯ್ತಾ ಮಲಗಿರ್ತೀನಿ. ಬೀಳೋದೇ ಇಲ್ಲ.”

ಚಮಚಕ್ಕಿಂತ ಮೊದಲು ನೆಲಕ್ಕೆ ಬೀಳುತ್ತಿದ್ದ ಹೆಂಡತಿ ಗಂಡನ ಕಡೆ ಒಂದು ನೋಟ ಬೀರಿದಳು. ಆ ನೋಟದಲ್ಲಿ ಗಿಣಿಯೂ ಇತ್ತು, ಪಂಪೂ ಇತ್ತು.

“ಸರಿ, ಸರಿ,” ಯಜಮಾನರು ಕೊನೆಯ ಆಸೆಯ ಕೊಂಬೆ ಹಿಡಿದರು. “ಆದ್ರೆ ಕತ್ತರಿ? ಕೊನೇಲಿ ಅಷ್ಟುದ್ದ, ಒಂದೇ ಒಂದು ಅಡ್ಡಿಯಿಲ್ಲದೆ... ಅದನ್ನ ಕೇಳಿದೆಯಾ?”

“ಕೇಳಿದೆ,” ಮಗಳು ತಲೆ ಕೆರೆದುಕೊಂಡಳು. “ನಿದ್ದೆ ಕೆಟ್ಟಿದ್ದು ಅಲ್ಲೊಂದೇ ಕಡೆ. ದಡಬಡಿಸಿ ಎದ್ದು, ಹಿಂದಕ್ಕೆ ಎಳೆದು, ಮತ್ತೆ ಅಮ್ಮನ ಬೈಗುಳ ಹಾಕ್ಕೊಂಡು ಮಲಗಿದೆ. ಬೇಜಾರ್ ಮಾಡ್ಕೋಬೇಡಪ್ಪ... ಬೇರೆ ಗದ್ದಲ ಇಲ್ದೆ ಬರೀ ಆ ಕತ್ತರಿ ಸದ್ದು ಕೇಳಿದ್ರೆ ನನಗೆ ಈಗಲೂ ಮಂಚದ ಕೆಳಗೆ ನುಗ್ಗಬೇಕು ಅನ್ಸುತ್ತೆ.”

ಎಣ್ಣೆ ಮಾಮ ತನ್ನ ಬೋಳುತಲೆ ಸವರಿಕೊಂಡು, ಭಾರವಾಗಿ ಹೇಳಿದ: “ನನಗೂ.”

ಯಜಮಾನರು ಕುರ್ಚಿಯ ಹಿಂದೆ ನಿಂತೇ ಇದ್ದರು. ಕೈ ತಾನಾಗಿ ಸವೆದ ರೆಕ್ಸಿನ್ನಿನ ಮೇಲೆ ಹೋಯಿತು. ಆಮೇಲೆ ಅವರಿಗೂ ನಗು ಬಂತು. ತಡೆಯಲಾಗದೆ, ಸೊಂಟ ಹಿಡಿದುಕೊಂಡು ನಕ್ಕರು. ಮಗಳು ಅಲ್ಲಿಂದಲೇ ಹೆಡ್ ನರ್ಸಿಗೆ ಫೋನು ಮಾಡಿದಳು. “ರೂಮು ಬೇರೆ ಯಾರಿಗಾದ್ರೂ ಕೊಡಿ ಮೇಡಂ. ಇಲ್ಲ ಮೇಡಂ, ಅಲ್ಲಿ ತುಂಬಾ ನಿಶ್ಶಬ್ದ.”

“ರೆಕಾರ್ಡಿಂಗಲ್ಲಿರೋ ಕತ್ತರೀನ ತೆಗೆದುಬಿಡ್ತೀನಿ, ಉಳಿದದ್ದು ಸಾಕು,” ಎಂದಳು ಫೋನಿಟ್ಟ ಮೇಲೆ.

“ರೆಕಾರ್ಡಿಂಗ್ ಯಾಕೆ ಬೇಕು?” ಹೆಂಡತಿ ಸೆರಗು ಸಿಕ್ಕಿಸಿಕೊಂಡಳು. “ನಾನು ಬದುಕಿದೀನಲ್ಲ!”

ಶನಿವಾರ ಬೆಳಿಗ್ಗೆ ಗಡಿಯಾರದ ಲೋಲಕ ಮತ್ತೆ ಓಡಾಡಿತು. ಸ್ಟೀಲ್ ತಟ್ಟೆಗಳು ಮೇಲಟ್ಟದಿಂದ ಇಳಿದವು. ಕುಕ್ಕರು ಒಲೆ ಏರಿತು. ಮಗಳು ಬಂದು ಮಲಗಿ, ಕೋಣೆಯ ಬಾಗಿಲನ್ನು ಸ್ವಲ್ಪ ತೆರೆದೇ ಬಿಟ್ಟಳು. ಯಜಮಾನರು ಅಡುಗೆಮನೆಯ ನಡುವೆ ಕೈ ಹಿಂದೆ ಕಟ್ಟಿಕೊಂಡು, ರಂಗದ ಮೇಲೆ ಮಾತು ಮರೆತ ನಟನಂತೆ ನಿಂತರು.

“ಯಾಕ್ರೀ ಹಾಗೆ ನಿಂತಿದೀರಿ?”

“ನೀನು ಬೈಯೋಕೆ ನಾನು ಏನಾದ್ರೂ ಮಾಡಬೇಕಲ್ಲ. ಏನು ಮಾಡ್ಲಿ ಅಂತ ಯೋಚಿಸ್ತಿದೀನಿ.”

“ನೀವೇನೂ ಮಾಡೋದು ಬೇಡ,” ಎಂದಳು ಹೆಂಡತಿ, ಎದೆ ತುಂಬ ಉಸಿರು ಎಳೆದುಕೊಳ್ಳುತ್ತಾ. “ಸುಮ್ಮನೆ ಕಣ್ಣೆದುರು ನಿಂತ್ಕೊಳ್ಳಿ, ಸಾಕು.”